ನೆರೆ ಬಂದಾಗ ಸಕ್ಕರೆ ಕಾಯಿಲೆ: ರೋಗಿಗಳಿಗೂ ಜೊತೆಯಲ್ಲಿರುವವರಿಗೂ ತಿಳಿವಳಿಕೆ

ಸಕ್ಕರೆ ಕಾಯಿಲೆ ಇರುವವರಿಗೆ ಆಸ್ಪತ್ರೆಯಲ್ಲಿ ಹೇಳುವ ಮಾತುಗಳು ಬಹುಮಂದಿಗೆ ಬಾಯಿಪಾಠವಾಗಿವೆ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ ಅಥವಾ ಇನ್ಸುಲಿನ್, ದಿನಕ್ಕೆ ಅರ್ಧ ಗಂಟೆ ನಡಿಗೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಆದರೆ ಇವೆಲ್ಲ ನಡೆಯಬೇಕಾದರೆ ಮನೆಯಲ್ಲಿ ಒಲೆ ಉರಿಯುತ್ತಿರಬೇಕು, ನಲ್ಲಿಯಲ್ಲಿ ನೀರು ಬರುತ್ತಿರಬೇಕು, ಔಷಧಿ ಅಂಗಡಿ ತೆರೆದಿರಬೇಕು, ಫ್ರಿಜ್ಜಿಗೆ ಕರೆಂಟು ಇರಬೇಕು. ಈ ನಾಲ್ಕೂ ಒಂದೇ ರಾತ್ರಿಯಲ್ಲಿ ನಿಂತುಹೋದರೆ ಸಕ್ಕರೆ ಕಾಯಿಲೆಯವರ ಗತಿ ಏನು ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಹಾಗೆ ನಿಂತುಹೋದದ್ದುಂಟು. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಬೆಳಗಾಗುವ ಹೊತ್ತಿಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಸುತ್ತಮುತ್ತ ಮನೆಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ, ರಬ್ಬರ್ ದೋಣಿಗಳಲ್ಲಿ ಹೊರಗೆ ಕರೆತರಬೇಕಾಯಿತು. ಅದೇ ಮಳೆಯಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಹೌಸ್ ಮುಳುಗಿ, ನೆರೆಯೇ ಬಾರದ ಬಡಾವಣೆಗಳಿಗೂ ಕುಡಿಯುವ ನೀರು ಬರಲಿಲ್ಲ. ದೊಮ್ಮಲೂರು ಅಷ್ಟು ತಗ್ಗಿನ ಜಾಗವಲ್ಲ, ನಿಜ. ಆದರೆ ಇಲ್ಲಿ ಬಿದ್ದ ಮಳೆ ರಾಜಕಾಲುವೆ ಹಿಡಿದು ಚಲ್ಲಘಟ್ಟದ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಗೇ ಹೋಗಬೇಕು; ಕೆಳಗೆ ಕಟ್ಟಿಕೊಂಡರೆ ಮೇಲೂ ನಿಲ್ಲುತ್ತದೆ. ಜೋರು ಮಳೆಯಲ್ಲಿ ಕೋರಮಂಗಲದ ಕಡೆಯ ಒಳವರ್ತುಲ ರಸ್ತೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಮಲೂರು, ಮುರುಗೇಶಪಾಳ್ಯ, ಈಜಿಪುರ, ಹೊರಮಾವು ಕಡೆಯಿಂದ ಬರುವ ರೋಗಿಗಳಿಗಂತೂ ಪ್ರತಿ ಮಳೆಗಾಲವೂ ಒಂದು ಪರೀಕ್ಷೆಯೇ.

ನೆರೆಯಲ್ಲಿ ಸತ್ತವರ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ನೆರೆ ಇಳಿದು ಒಂದು ವಾರಕ್ಕೋ ಒಂದು ತಿಂಗಳಿಗೋ ಕಾಲಿನ ಹುಣ್ಣಿನಿಂದ, ಏರಿದ ಸಕ್ಕರೆಯಿಂದ ಆಸ್ಪತ್ರೆ ಸೇರಿದವರ ಲೆಕ್ಕ ಎಲ್ಲಿಯೂ ಬರುವುದಿಲ್ಲ. ಈ ಪುಟಗಳು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಹೆದರಿಕೆಯಿಂದ ಸಕ್ಕರೆ ಏರುವುದು ಹೇಗೆ?

"ಏನೂ ತಿಂದಿಲ್ಲ, ಆದರೂ ಸಕ್ಕರೆ ಮುನ್ನೂರು ತೋರಿಸುತ್ತಿದೆ, ಮಿಷನ್ ಕೆಟ್ಟಿರಬೇಕು" ಎಂದು ಅನೇಕರು ಹೇಳುತ್ತಾರೆ. ಮಿಷನ್ ಕೆಟ್ಟಿಲ್ಲದಿರಬಹುದು. ನಮ್ಮ ರಕ್ತದಲ್ಲಿರುವ ಸಕ್ಕರೆ ಊಟದಿಂದ ಮಾತ್ರ ಬರುವುದಿಲ್ಲ. ಲಿವರ್, ಅಂದರೆ ಯಕೃತ್ತು, ಒಂದಿಷ್ಟು ಸಕ್ಕರೆಯನ್ನು ಯಾವಾಗಲೂ ದಾಸ್ತಾನು ಇಟ್ಟುಕೊಂಡಿರುತ್ತದೆ. ಮನುಷ್ಯನಿಗೆ ಭಯವಾದಾಗ, ಪೆಟ್ಟಾದಾಗ, ಜ್ವರ ಬಂದಾಗ, ನಿದ್ದೆಗೆಟ್ಟಾಗ ಅಡ್ರಿನಲಿನ್, ಕಾರ್ಟಿಸಾಲ್, ಗ್ಲುಕಗಾನ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಓಡಲು, ಹೊರಲು, ಹೋರಾಡಲು ಶಕ್ತಿ ಬೇಕಲ್ಲ, ಅದಕ್ಕಾಗಿ ಇವು ಲಿವರಿನ ದಾಸ್ತಾನನ್ನು ಬಿಡಿಸುತ್ತವೆ. ಜೊತೆಗೆ ಇನ್ಸುಲಿನ್ನಿನ ಕೆಲಸವನ್ನು ತಡೆಹಿಡಿಯುತ್ತವೆ. ಆರೋಗ್ಯವಂತನ ಮೇದೋಜೀರಕ ಗ್ರಂಥಿ ಸ್ವಲ್ಪ ಹೆಚ್ಚು ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಶಕ್ತಿ ಇರುವುದಿಲ್ಲವಾದ್ದರಿಂದ ಸಕ್ಕರೆ ಏರಿ ಅಲ್ಲಿಯೇ ನಿಲ್ಲುತ್ತದೆ.

ಮನೆಯೊಳಗೆ ನೀರು ಬಂದ ಆ ರಾತ್ರಿ ಏರಿದ್ದು ಮರುದಿನ ಇಳಿಯಬಹುದು. ಆದರೆ ಮನೆ ಸಾಮಾನು ಹಾಳಾಗಿ, ಕೆಲಸ ತಪ್ಪಿ, ಸಾಲದ ಚಿಂತೆ ಹತ್ತಿಕೊಂಡರೆ ಕಾರ್ಟಿಸಾಲ್ ತಿಂಗಳುಗಟ್ಟಲೆ ಮೇಲೆಯೇ ಇರಬಹುದು. ರಕ್ತದೊತ್ತಡವೂ ಜೊತೆಗೆ ಏರುತ್ತದೆ. ಹೀಗಾಗಿ ನೆರೆಯ ಕಷ್ಟ ಅನುಭವಿಸಿದವರನ್ನು "ಬಾಯಿಚಪಲದಿಂದ ಸಕ್ಕರೆ ಹೆಚ್ಚು ಮಾಡಿಕೊಂಡಿದ್ದೀರಿ" ಎಂದು ಮನೆಯವರು ಗದರಿಸುವುದು ನ್ಯಾಯವಲ್ಲ. ಗದರಿಸುವುದರಿಂದ ಅದು ಇಳಿಯುವುದೂ ಇಲ್ಲ.

ಬೇರೆ ಊರುಗಳಲ್ಲಿ ಕಂಡದ್ದು

1995ರ ಜನವರಿ 17ರಂದು ಜಪಾನಿನ ಕೋಬೆ ನಗರದಲ್ಲಿ ಭೂಕಂಪವಾಯಿತು. ಅಲ್ಲಿನ ವೈದ್ಯರು ತಮ್ಮ ಹಳೆಯ ರೋಗಿಗಳನ್ನೇ ಮತ್ತೆ ಪರೀಕ್ಷಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಏರಿದ್ದು ಕಂಡಿತು. ಮನೆ ಕಳೆದುಕೊಂಡವರಲ್ಲಿ, ಮನೆಯವರನ್ನು ಕಳೆದುಕೊಂಡವರಲ್ಲಿ ಇದು ಹೆಚ್ಚು. 1999ರಲ್ಲಿ ಟರ್ಕಿಯ ಮರ್ಮರ ಪ್ರಾಂತ್ಯದಲ್ಲಿ ಭೂಕಂಪವಾದಾಗ ಇನ್ಸುಲಿನ್ ಅವಲಂಬಿಸಿದ್ದ ರೋಗಿಗಳಿಗೆ ಮೊದಲಿಗಿಂತ ಹೆಚ್ಚು ಇನ್ಸುಲಿನ್ ಬೇಕಾಯಿತು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಮನೆ ಬಿಟ್ಟು ಬೇರೆಡೆ ನೆಲೆಸಬೇಕಾದವರಲ್ಲಿ, ಊರಲ್ಲೇ ಉಳಿದವರಿಗಿಂತ ಹೆಚ್ಚು ಮಂದಿಗೆ ಮುಂದಿನ ವರ್ಷಗಳಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂತು, ತೂಕವೂ ಹೆಚ್ಚಿತು. ನೆರೆಹೊರೆ, ಹೊಲಗದ್ದೆ, ನಡೆದಾಡುವ ರೂಢಿ ಎಲ್ಲವೂ ತಪ್ಪಿಹೋದರೆ ಶರೀರವೂ ಬದಲಾಗುತ್ತದೆ.

ಇವುಗಳಲ್ಲಿ ನಮಗೆ ಮುಖ್ಯವಾದದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಅನುಭವ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತದಿಂದ ಆ ನಗರ ಮುಳುಗಿತು. ಬಳಿಕ ಮೂರು ಬಗೆಯ ಆಸ್ಪತ್ರೆಗಳ ರೋಗಿಗಳನ್ನು ಹೋಲಿಸಿ ನೋಡಿದರು: ಬಡವರು ಹೋಗುವ ಸರ್ಕಾರಿ ಆಸ್ಪತ್ರೆ, ನಿವೃತ್ತ ಸೈನಿಕರ ಆಸ್ಪತ್ರೆ, ಮತ್ತು ಖಾಸಗಿ ವಿಶ್ವವಿದ್ಯಾಲಯದ ಆಸ್ಪತ್ರೆ. ಬಡವರ ಆಸ್ಪತ್ರೆಯ ರೋಗಿಗಳ ಎಚ್‌ಬಿಎ1ಸಿ 7.7ರಿಂದ 8.3ಕ್ಕೆ ಏರಿತ್ತು. ಉಳಿದ ಎರಡು ಕಡೆ ಅಂಥ ಏರಿಕೆ ಕಾಣಲಿಲ್ಲ. ಗಾಳಿ ಮಳೆ ಎಲ್ಲರಿಗೂ ಒಂದೇ ಆಗಿತ್ತು. ಸೈನಿಕರ ಆಸ್ಪತ್ರೆಯ ದಾಖಲೆಗಳು ಕಂಪ್ಯೂಟರಿನಲ್ಲಿದ್ದವು, ರೋಗಿ ಬೇರೆ ಊರಿಗೆ ಹೋದರೂ ಅವನ ಔಷಧಿ ಯಾವುದು ಎಂದು ಅಲ್ಲಿನ ವೈದ್ಯರಿಗೆ ತಿಳಿಯುತ್ತಿತ್ತು. ಬಡವರ ಚೀಟಿ ನೀರಿನಲ್ಲಿ ಹೋಗಿತ್ತು, ಆಸ್ಪತ್ರೆಯೂ ಮುಚ್ಚಿತ್ತು.

ಆದ್ದರಿಂದಲೇ ಒಂದು ಚಿಕ್ಕ ಕೆಲಸ ಇವತ್ತೇ ಮಾಡಿರಿ. ನಿಮ್ಮ ಔಷಧಿ ಚೀಟಿ, ಕೊನೆಯ ರಕ್ತಪರೀಕ್ಷೆಯ ವರದಿ, ಇನ್ಸುಲಿನ್ ಬಾಟಲಿಯ ಹೆಸರುಪಟ್ಟಿ ಇವುಗಳ ಫೋಟೋವನ್ನು ಮನೆಯವರ ಮೊಬೈಲಿನಲ್ಲಿ ತೆಗೆಸಿ, ಊರಿನಲ್ಲಿರುವ ಒಬ್ಬ ನೆಂಟರಿಗೂ ಕಳುಹಿಸಿಡಿ. ಫೋನು ನೆಂದರೂ ಅವರ ಹತ್ತಿರ ಇರುತ್ತದೆ. ಸ್ಮಾರ್ಟ್ ಫೋನ್ ಇಲ್ಲದವರು ಒಂದು ಜೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಟ್ಟರೆ ಸಾಕು. ನೀರು ಬಂದಾಗ ಜನ ಮೊದಲು ಎತ್ತಿಕೊಳ್ಳುವುದು ಅದನ್ನೇ.

ಏರಿದ ಸಕ್ಕರೆಗಿಂತ ಇಳಿದ ಸಕ್ಕರೆ ಅವಸರದ್ದು

ಕಷ್ಟಕಾಲದಲ್ಲಿ ಸಕ್ಕರೆ ಏರುತ್ತದೆ ಎಂದು ಇಷ್ಟು ಹೇಳಿದ ಮೇಲೆ, ಅದಕ್ಕೆ ವಿರುದ್ಧವಾದ ಅಪಾಯವನ್ನು ಇನ್ನೂ ಒತ್ತಿ ಹೇಳಬೇಕಾಗಿದೆ. ನೀರು ಸುತ್ತುವರಿದ ಮನೆಯಲ್ಲಿ ಮಾತ್ರೆಯ ಡಬ್ಬಿ ಕೈಗೆ ಸಿಗುತ್ತದೆ, ಊಟ ಸಿಗುವುದಿಲ್ಲ. ರೋಗಿ ನಿಷ್ಠೆಯಿಂದ ಮಾತ್ರೆ ನುಂಗುತ್ತಾರೆ ಅಥವಾ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಎರಡು ಗಂಟೆಯ ಮೇಲೆ ಬೆವರು, ನಡುಕ, ಎದೆ ಡವಡವ, ಕಣ್ಣು ಮಂಜು, ತೊದಲು ಮಾತು. ಮನೆಯವರು ಹೆದರಿಕೆಯಿಂದ ಹೀಗಾಗಿದೆ ಎಂದುಕೊಳ್ಳುತ್ತಾರೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ಆಗುವ ಲಕ್ಷಣಗಳು ಇವೇ. ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ, ಜೀವಕ್ಕೇ ಅಪಾಯ.

ಎಲ್ಲ ಮಾತ್ರೆಗಳಿಂದಲೂ ಹೀಗಾಗುವುದಿಲ್ಲ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಎಂಬವು, ಮತ್ತು ಇನ್ಸುಲಿನ್, ಊಟವಿಲ್ಲದಿದ್ದರೆ ಸಕ್ಕರೆಯನ್ನು ಅತಿಯಾಗಿ ಇಳಿಸುತ್ತವೆ. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ಈಗಿನ ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಒಂದರಲ್ಲೇ ಬೆರೆತಿರುತ್ತವೆಯಾದ್ದರಿಂದ ನಿಮ್ಮದು ಯಾವುದು ಎಂದು ಮುಂದಿನ ಸಲ ಬಂದಾಗ ಕೇಳಿ, ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ "ಊಟವಿದ್ದರೆ ಮಾತ್ರ" ಎಂದು ಬರೆಸಿಕೊಳ್ಳಿ. ಆ ಬರಹ ಇರುವ ಮಾತ್ರೆಯನ್ನು ತಟ್ಟೆ ಮುಂದೆ ಬರುವವರೆಗೆ ನುಂಗಬೇಡಿ. "ಊಟ ಬರುತ್ತಿದೆಯಂತೆ" ಎಂಬ ಸುದ್ದಿ ಸಾಲದು.

ಲಕ್ಷಣ ಕಂಡ ಕೂಡಲೇ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ನಾಲ್ಕು ಬಿಸ್ಕತ್ತೋ ಒಂದು ಹಿಡಿ ಅವಲಕ್ಕಿಯೋ ತಿನ್ನಿಸಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಬೆರೆತ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಔಷಧಿ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ತಡೆಯುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು. ಒಂದು ಪೊಟ್ಟಣ ಮನೆಯಲ್ಲಿರಲಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಮೇಲೆ ಹೇಳಿದ ಮಾತ್ರೆಗಳಿಂದ ಇಳಿದ ಸಕ್ಕರೆ, ವಿಶೇಷವಾಗಿ ವಯಸ್ಸಾದವರಲ್ಲಿ ಮತ್ತು ಕಿಡ್ನಿ ತೊಂದರೆ ಇರುವವರಲ್ಲಿ, ಒಮ್ಮೆ ಸರಿಹೋದಂತೆ ಕಂಡು ಕೆಲವು ಗಂಟೆಗಳ ಮೇಲೆ ಮತ್ತೆ ಇಳಿಯುವುದುಂಟು. ಅಂಥವರನ್ನು ಒಂಟಿಯಾಗಿ ಮಲಗಲು ಬಿಡಬೇಡಿ. ದಾರಿ ಸಿಕ್ಕ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ನಾಲ್ಕಾರು ದಿನ ಸಕ್ಕರೆ 180, 200ರ ಆಸುಪಾಸಿನಲ್ಲಿದ್ದರೆ ತಕ್ಷಣಕ್ಕೆ ಹೆದರಬೇಕಾಗಿಲ್ಲ. ನೆರೆಯ ನಡುವೆ ಕುಳಿತು 110ಕ್ಕೆ ತರುತ್ತೇನೆಂದು ಹಟ ಮಾಡುವುದು ಬೇಡ.

ಇನ್ಸುಲಿನ್ ನಿಲ್ಲಿಸಬಾರದವರು

ಆದರೆ ಒಂದು ವರ್ಗದ ರೋಗಿಗಳಿದ್ದಾರೆ, ಅವರ ವಿಷಯ ಬೇರೆ. ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಮೊದಲನೆಯ ಬಗೆಯ, ಟೈಪ್ ಒಂದು ಎನ್ನುವ ಕಾಯಿಲೆ. ಇವರ ಶರೀರದಲ್ಲಿ ಇನ್ಸುಲಿನ್ ಇಲ್ಲವೆಂದೇ ಹೇಳಬಹುದು. ಮಗು ಏನೂ ತಿಂದಿಲ್ಲ, ಆದ್ದರಿಂದ ಇವತ್ತು ಸೂಜಿ ಬೇಡ ಎಂದು ತಾಯಿಗೆ ಅನ್ನಿಸುವುದು ಸಹಜ. ಹಾಗೆ ಮಾಡಿದರೆ ಶರೀರ ಕೊಬ್ಬನ್ನು ಕರಗಿಸಿಕೊಳ್ಳಲು ತೊಡಗಿ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಹೊಟ್ಟೆನೋವು, ವಾಂತಿ, ಬಾಯಿಯಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಉದ್ದುದ್ದ ಉಸಿರು. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಊಟವಿಲ್ಲದಿದ್ದರೆ ಊಟದ ಹೊತ್ತಿನ ಇನ್ಸುಲಿನ್ ಕಡಿಮೆಯಾಗಬಹುದು, ಆದರೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ನಿಲ್ಲಬಾರದು. ಎಷ್ಟು ಕಡಿಮೆ ಮಾಡಬೇಕೆಂಬುದನ್ನು ಮಳೆಗಾಲಕ್ಕೆ ಮೊದಲೇ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಸಕ್ಕರೆ 250ಕ್ಕಿಂತ ಮೇಲಿದ್ದು ವಾಂತಿಯೂ ಆಗುತ್ತಿದ್ದರೆ ಯಾರ ಸಲಹೆಗೂ ಕಾಯದೆ, ದೋಣಿಯಲ್ಲಾದರೂ ಸರಿ, ಆಸ್ಪತ್ರೆಗೆ ಹೊರಡಿ. ರಕ್ಷಣೆಗೆ ಬಂದವರಿಗೆ "ಈ ಮಗುವಿಗೆ ಇನ್ಸುಲಿನ್ ಬೇಕು" ಎಂಬ ಮಾತನ್ನು ಮೊದಲು ಹೇಳಿ. ಎಲ್ಲರಿಗಿಂತ ಮೊದಲು ಅವರನ್ನು ಕಳುಹಿಸುವುದಕ್ಕೆ ಅಷ್ಟು ಕಾರಣ ಸಾಕು.

ಕರೆಂಟು ಹೋದರೆ ಇನ್ಸುಲಿನ್ ಹಾಳಾಗುತ್ತದೆಯೇ?

ಇದು ಎಲ್ಲರೂ ಕೇಳುವ ಪ್ರಶ್ನೆ, ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಹೆದರುವ ವಿಷಯವೂ ಹೌದು. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಬಳಕೆಯಲ್ಲಿರುವ ಬಾಟಲಿ ಬೆಂಗಳೂರಿನ ಸಾಮಾನ್ಯ ಹವೆಯಲ್ಲಿ, ಬಿಸಿಲು ತಾಗದ ಕಡೆ, ಸುಮಾರು ನಾಲ್ಕು ವಾರ ಚೆನ್ನಾಗಿಯೇ ಇರುತ್ತದೆ. ಎರಡು ದಿನ ಕರೆಂಟು ಹೋಯಿತೆಂದು ಬಾಟಲಿ ಬಿಸಾಡಿ, ಹೊಸದು ಸಿಗದೆ ಸೂಜಿ ತಪ್ಪಿಸಿಕೊಳ್ಳುವುದು ಬಹಳ ದೊಡ್ಡ ತಪ್ಪು. ಕೆನ್ಯಾ ದೇಶದ ದಾದಾಬ್ ನಿರಾಶ್ರಿತರ ಶಿಬಿರದ ಬಿಸಿಲಿನಲ್ಲಿ ಹಗಲು 37 ಡಿಗ್ರಿ, ರಾತ್ರಿ 25 ಡಿಗ್ರಿ ಹೀಗೆ ಏರಿಳಿಯುವ ಮನೆಗಳಲ್ಲಿ ಇನ್ಸುಲಿನ್ ಇಟ್ಟರೆ ಏನಾಗುತ್ತದೆಂದು ಜಿನೀವಾ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ನಾಲ್ಕು ವಾರಗಳ ನಂತರವೂ ಅದರ ಶಕ್ತಿ ಕುಂದಿರಲಿಲ್ಲ.

ನಮ್ಮ ಅಜ್ಜಿಯರು ಬಲ್ಲ ಉಪಾಯವೇ ಇಲ್ಲಿಯೂ ಸಾಕು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಕುಡಿಕೆ ಇಟ್ಟು, ಕುಡಿಕೆಯಲ್ಲಿ ಇನ್ಸುಲಿನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇರಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ಬಿಸಿಗಿಂತ ಮಂಜುಗಡ್ಡೆಯೇ ಇನ್ಸುಲಿನ್ನಿಗೆ ದೊಡ್ಡ ಶತ್ರು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದ ಬಾಟಲಿ, ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ, ಬಳಸಬಾರದು. ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾದರೆ, ಹಾಲಿನಂತಿರುವುದು ಉರುಳಿಸಿದರೂ ಗಂಟುಗಂಟಾಗಿಯೇ ಉಳಿದರೆ ಅದೂ ಬೇಡ. ಚರಂಡಿ ನೀರಿನಲ್ಲಿ ಮುಳುಗಿದ್ದು ಯಾವುದೂ ಬೇಡ. ಮಾತ್ರೆಯ ಸ್ಟ್ರಿಪ್ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಅಷ್ಟೆ.

ಇನ್ನೊಂದು ಅಪಾಯವನ್ನು ಕೆಲವರಷ್ಟೇ ಬಲ್ಲರು. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿಗಳು ಎರಡು ಶಕ್ತಿಯಲ್ಲಿ ಸಿಗುತ್ತವೆ, ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಸಿರಿಂಜುಗಳೂ ಎರಡು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಪರಿಹಾರ ಕೇಂದ್ರದಲ್ಲಿ ದಾನಿಗಳು ಕೊಟ್ಟ 100ರ ಬಾಟಲಿಯಿಂದ ಮನೆಯ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20 ಗೆರೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಬಾಟಲಿ ಬದಲಾದರೆ ಸಿರಿಂಜೂ ಬದಲಾಗಬೇಕು. ಕೊಡುವವರಿಗೆ ಇದು ಗೊತ್ತಿಲ್ಲದಿರಬಹುದು, ತೆಗೆದುಕೊಳ್ಳುವವರಿಗೆ ಗೊತ್ತಿರಲಿ.

ಸಕ್ಕರೆ ನೋಡುವ ಪಟ್ಟಿಗಳಿಗೆ ತೇವ ಆಗುವುದಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಪಟ್ಟಿಗಳನ್ನು ಬೇರೆ ಕಾಗದದಲ್ಲಿ ಸುತ್ತಿಡಬೇಡಿ. ಬಾಳೆಹಣ್ಣು ಸುಲಿದ ಕೈಯಲ್ಲಿ ಚುಚ್ಚಿಕೊಂಡು ಮುನ್ನೂರು ಬಂತೆಂದು ಗಾಬರಿಯಾದವರೂ ಉಂಟು. ಕೈ ತೊಳೆದು, ಒರೆಸಿ, ಮತ್ತೊಮ್ಮೆ ನೋಡಿದ ಮೇಲೆ ಚಿಂತೆ ಮಾಡಿದರಾಯಿತು.

ವಾಂತಿ ಭೇದಿ ಶುರುವಾದರೆ

ನೆರೆಯ ಹಿಂದೆಯೇ ಹೊಟ್ಟೆ ಕೆಡುವುದು ಬರುತ್ತದೆ. ಸಂಪಿಗೆ ಚರಂಡಿ ನೀರು ಸೇರಿದ ಮನೆಗಳಲ್ಲಿ ಇದು ತಪ್ಪಿದ್ದಲ್ಲ. ಇಂಥ ಹೊತ್ತಿನಲ್ಲಿ ಎಂದಿನ ಮಾತ್ರೆಗಳಲ್ಲಿ ಕೆಲವು ಶತ್ರುಗಳಾಗುತ್ತವೆ. ಮೆಟ್‌ಫಾರ್ಮಿನ್, ಮತ್ತು ಈಚೆಗೆ ಬಹಳ ಜನರಿಗೆ ಬರೆಯುತ್ತಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ವಾಂತಿ ಭೇದಿ ನಿಂತು ಚೆನ್ನಾಗಿ ಉಣ್ಣುವವರೆಗೆ ನಿಲ್ಲಿಸಿಡುವುದು ವೈದ್ಯರ ಸಾಮಾನ್ಯ ಸಲಹೆ. ಎರಡನೆಯ ಬಗೆಯವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ನೀರೂ ಜೊತೆಗೆ ಹೋಗುತ್ತದೆ. ಅಲ್ಲದೆ ಸಕ್ಕರೆ ಹೆಚ್ಚು ಕಾಣದೆಯೂ ಕೀಟೋನ್ ಏರಿಸಬಲ್ಲವು. ರಕ್ತದೊತ್ತಡದ ಕೆಲವು ಮಾತ್ರೆಗಳಿಗೂ ಇದೇ ಎಚ್ಚರಿಕೆ ಬೇಕು, ಫೋನಿನಲ್ಲಾದರೂ ಕೇಳಿಕೊಳ್ಳಿ.

ಓಆರ್‌ಎಸ್‌ನಲ್ಲಿ ಸಕ್ಕರೆ ಇದೆ, ಅಪ್ಪನಿಗೆ ಕೊಡಬಹುದೇ ಎಂದು ಮಕ್ಕಳು ಕೇಳುತ್ತಾರೆ. ಕೊಡಬಹುದು, ಕೊಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಒಂದು ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಉಪ್ಪು ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ಅಷ್ಟು ಸಕ್ಕರೆ ಜೊತೆಗೆ ಬೇಕೇ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಿ ತರಬೇಡಿ.

ನೆರೆ ನೀರಿನಲ್ಲಿ ಕಾಲು

ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಮೊಣಕಾಲುದ್ದ ಕೊಳಚೆಯಲ್ಲಿ ನಡೆಯುವಾಗ ಒಡೆದ ಗಾಜು, ಮೊಳೆ, ಹೆಂಚಿನ ಚೂರು ಹೊಕ್ಕರೂ ತಿಳಿಯುವುದಿಲ್ಲ. ಎರಡು ದಿನ ಒದ್ದೆಯಾಗಿಯೇ ಇದ್ದ ಬೆರಳ ಸಂದಿಯಲ್ಲಿ ಬಿರುಕು ಬಿಟ್ಟು ಅಲ್ಲಿಂದ ಸೋಂಕು ಏರುತ್ತದೆ. ಸಕ್ಕರೆ ಏರಿದ ರಕ್ತದಲ್ಲಿ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡದೆ ಇರುವುದರಿಂದ, ಬೇರೆಯವರಿಗೆ ನಾಲ್ಕು ದಿನದಲ್ಲಿ ಮಾಯುವ ಗಾಯ ಇವರಿಗೆ ಬೆರಳು ತೆಗೆಯುವ ಹಂತಕ್ಕೆ ಹೋಗಬಹುದು. ಮಳೆಗಾಲದಲ್ಲಿ ಪಾದಕ್ಕೆ ಬೀಳುವ ಕತ್ತರಿಗಳಲ್ಲಿ ಹೆಚ್ಚಿನವನ್ನು ತಡೆಯಬಹುದಾಗಿತ್ತು ಎಂಬುದೇ ದುಃಖದ ಸಂಗತಿ.

ಆದ್ದರಿಂದ ಸಕ್ಕರೆ ಕಾಯಿಲೆಯವರು ನೆರೆ ನೀರಿಗೆ ಇಳಿಯಬಾರದು. ಸಾಮಾನು ಎತ್ತುವ ಕೆಲಸ ಮಕ್ಕಳು ಮಾಡಲಿ. ಇಳಿಯಲೇಬೇಕಾದರೆ ಬೂಟು ಬೇಕು, ಹವಾಯಿ ಚಪ್ಪಲಿ ಕೆಸರಿನಲ್ಲಿ ಕಿತ್ತುಹೋಗುತ್ತದೆ. ಹೊರಬಂದ ಕೂಡಲೇ ಶುದ್ಧ ನೀರು ಸೋಪಿನಿಂದ ತೊಳೆದು, ಬೆರಳ ಸಂದಿಗಳನ್ನು ಒಣಗಿಸಿ, ಪಾದದ ತಳವನ್ನು ಮನೆಯವರಲ್ಲಿ ಯಾರಾದರೂ ಕಣ್ಣಿಟ್ಟು ನೋಡಬೇಕು. ಅತ್ತೆ ಮಾವನ ಪಾದ ನೋಡಲು ಸೊಸೆಗೆ ಸಂಕೋಚ, ತೋರಿಸಲು ಅವರಿಗೆ ಸಂಕೋಚ. ಈ ಸಂಕೋಚ ಬೇಡ. ಚಳಿಗೆ ಕಾಲು ಕಾಯಿಸಿಕೊಳ್ಳಲು ಬಿಸಿನೀರಿನ ಚೀಲ, ಕೆಂಡ ಬಳಸಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಗಾಯವಾಗಿದ್ದರೆ ಅರಿಶಿನ, ಕಾಫಿಪುಡಿ ಹಚ್ಚದೆ ಅದೇ ದಿನ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ವಿಷಯ ಕೇಳಿ. ನೀರಿಗಿಳಿದ ಎರಡು ವಾರದೊಳಗೆ ಜ್ವರ, ಮೀನಖಂಡದಲ್ಲಿ ಸೆಳೆತ, ಕಣ್ಣು ಕೆಂಪಾದರೆ ಇಲಿಜ್ವರ ಇರಬಹುದು. ನೆರೆ ನೀರಿನಲ್ಲಿ ನಡೆದಿದ್ದೆ ಎಂದು ವೈದ್ಯರಿಗೆ ನೀವೇ ಹೇಳಬೇಕು, ಅವರು ಕೇಳಲಿ ಎಂದು ಕಾಯಬೇಡಿ.

ಕಾಳಜಿ ಕೇಂದ್ರದ ಊಟ

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಮುಳುಗಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮತ್ತೆ ಉಕ್ಕಿದವು. ಆಗೆಲ್ಲ ಶಾಲೆಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ, ಮಠಗಳಲ್ಲಿ ಸಾವಿರಾರು ಜನಕ್ಕೆ ಊಟ ಬಡಿಸಲಾಯಿತು. ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದುದನ್ನು ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಸಾವಿರ ಜನಕ್ಕೆ ಒಂದೇ ಹೊತ್ತಿಗೆ ಬಡಿಸಬೇಕಾದಾಗ ಅನ್ನ ಸಾರು, ಚಿತ್ರಾನ್ನ, ಪಲಾವ್, ಬನ್ನು ಬಿಸ್ಕತ್ತು ಇವೇ ಸುಲಭ. ಪ್ರೀತಿಯಿಂದ ಕೊಡುವ ಆ ಊಟವನ್ನು ಹಳಿಯುವುದು ಸಲ್ಲದು. ಆದರೆ ಮೂರು ಹೊತ್ತೂ ಅನ್ನ, ನಡುವೆ ಸಕ್ಕರೆ ಹಾಕಿದ ಟೀ, ದಿನವಿಡೀ ಚಾಪೆಯ ಮೇಲೆ ಕುಳಿತಿರುವುದು ಇವು ಸೇರಿ ಒಂದು ವಾರದಲ್ಲಿ ಸಕ್ಕರೆ ಎಲ್ಲಿಗೋ ಹೋಗುತ್ತದೆ.

ಬಡಿಸುವವರಿಗೆ ಹೇಳಿ ಅನ್ನ ಅರ್ಧ ಹಾಕಿಸಿಕೊಂಡು ಸಾಂಬಾರಿನ ಬೇಳೆ ತರಕಾರಿಯನ್ನು ಎರಡು ಸೌಟು ಹಾಕಿಸಿಕೊಳ್ಳಿ. ನೆರವು ಕೊಡಬಯಸುವವರು ಬಿಸ್ಕತ್ತಿನ ಬದಲು ಹುರಿಗಡಲೆ, ಕಡಲೆಕಾಯಿ, ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆ ತಂದರೆ ದೊಡ್ಡ ಉಪಕಾರ. ಸಕ್ಕರೆ ಹಾಕದ ಒಂದು ಪಾತ್ರೆ ಟೀ ಬೇರೆ ಕಾಯಿಸುವುದಕ್ಕೆ ಖರ್ಚೇನೂ ಇಲ್ಲ. ರಾಗಿ ಎಂದರೆ ಎಷ್ಟು ತಿಂದರೂ ನಡೆಯುತ್ತದೆ ಎಂಬ ಮಾತು ನಮ್ಮ ಕಡೆ ಬಲವಾಗಿ ಬೇರೂರಿದೆ. ರಾಗಿಯೂ ಪಿಷ್ಟವೇ. ಒಂದು ಮುದ್ದೆ ಸೊಪ್ಪಿನ ಸಾರಿನ ಜೊತೆ ಒಳ್ಳೆಯದು, ತೆಳ್ಳಗೆ ಕಾಯಿಸಿದ ರಾಗಿ ಗಂಜಿ ಮಾತ್ರ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ನಡೆಯಲು ಜಾಗವಿಲ್ಲದಿದ್ದರೆ ಊಟದ ಮೇಲೆ ಹಜಾರದ ಉದ್ದಕ್ಕೆ ಹತ್ತು ನಿಮಿಷ ಓಡಾಡಿದರೂ ಪ್ರಯೋಜನವಿದೆ.

ಕೇಂದ್ರದಲ್ಲಿ ಬಸುರಿಯರಿದ್ದರೆ ಅವರ ಊಟಕ್ಕೆ ಮೊದಲ ಸ್ಥಾನ ಕೊಡಬೇಕು. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಂದಾಗ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳನ್ನು ಅವರಿಗೆ ಐವತ್ತು ವರ್ಷವಾದಾಗ ಪರೀಕ್ಷಿಸಿದರೆ, ಸಕ್ಕರೆಯನ್ನು ತಾಳಿಕೊಳ್ಳುವ ಶಕ್ತಿ ಬೇರೆಯವರಿಗಿಂತ ಕಡಿಮೆ ಇತ್ತು.

ನೀರೇ ಇಲ್ಲದಾಗ

ಬೆಂಗಳೂರಿಗೆ ನೆರೆಯಷ್ಟೇ ಬರವೂ ಹತ್ತಿರದ್ದು. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು, ಕೆ.ಆರ್. ಪುರ, ಮಹದೇವಪುರದ ಕಡೆ ಟ್ಯಾಂಕರಿಗಾಗಿ ಜನ ರಾತ್ರಿಯೆಲ್ಲ ಎದ್ದಿದ್ದರು. ಏಪ್ರಿಲ್ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಸಕ್ಕರೆ ಏರಿದಾಗ ಮೂತ್ರ ಹೆಚ್ಚಾಗಿ ಹೋಗುತ್ತದೆ, ನೀರು ಕುಡಿಯದಿದ್ದರೆ ರಕ್ತ ಗಟ್ಟಿಯಾಗಿ ಸಕ್ಕರೆ ಇನ್ನೂ ಏರುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಶೌಚಕ್ಕೆ ನೀರಿಲ್ಲವೆಂದು ಕೆಲವರು, ಅದರಲ್ಲೂ ಹೆಂಗಸರು, ಬೇಕೆಂದೇ ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಅಂಥವರು ಮಂಪರಾಗಿ, ಮಾತು ತಪ್ಪಿ ಮಲಗಿದರೆ ನಿದ್ದೆ ಎಂದು ಬಿಡಬೇಡಿ. ಸಕ್ಕರೆ ಆರುನೂರು ದಾಟಿರಬಹುದು.

ನೆರೆ ಇಳಿದ ಮೇಲೆ

ಕೆಸರು ತೆಗೆದು, ಹಾಸಿಗೆ ಒಣಗಿಸಿ, ಮನೆ ಒಂದು ರೀತಿಗೆ ಬರುವುದರೊಳಗೆ ತಿಂಗಳು ಕಳೆಯುತ್ತದೆ. ಆಗ ಆಸ್ಪತ್ರೆಯ ನೆನಪು ಕೊನೆಗೆ ಬರುವುದು ಸಹಜ. ಔಷಧಿ ತಪ್ಪಿದ್ದರೆ ಎರಡು ದಿನದ್ದನ್ನು ಒಟ್ಟಿಗೆ ನುಂಗಬೇಡಿ, ಇವತ್ತಿನಿಂದ ಎಂದಿನಂತೆ ಶುರು ಮಾಡಿ. ದುಡ್ಡಿನ ಅಡಚಣೆಯಿದ್ದರೆ ಬಾಯಿಬಿಟ್ಟು ಹೇಳಿ: ಜನೌಷಧಿ ಅಂಗಡಿಗಳಲ್ಲಿ ಇವೇ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ಸರ್ಕಾರದ ನಮ್ಮ ಕ್ಲಿನಿಕ್‌ಗಳಲ್ಲಿ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆ ಉಚಿತ. ನೆರೆಯಾದ ಒಂದು ವಾರದೊಳಗೆ ಪಾದ ಮತ್ತು ರಕ್ತದೊತ್ತಡ, ಮೂರು ತಿಂಗಳಿಗೆ ಎಚ್‌ಬಿಎ1ಸಿ ನೋಡಿಸಿದರೆ ಆ ದಿನಗಳು ಶರೀರದ ಮೇಲೆ ಏನು ಮಾಡಿದವೆಂಬುದು ತಿಳಿಯುತ್ತದೆ. ರಾತ್ರಿ ಮಳೆಯ ಸದ್ದಿಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ ಅದನ್ನೂ ಹೇಳಿ, ಅದಕ್ಕೂ ಸಕ್ಕರೆಗೂ ಸಂಬಂಧವಿದೆ ಎಂದು ಮೊದಲೇ ನೋಡಿದೆವು.

ಹೊರರೋಗಿ ವಿಭಾಗಕ್ಕೆ ಬರುವಾಗ ಚೀಟಿಯ ಜೊತೆಗೆ ಈಗ ಬಳಸುತ್ತಿರುವ ಇನ್ಸುಲಿನ್ ಬಾಟಲಿ, ಸಿರಿಂಜು, ಉಳಿದ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಚೀಟಿ ಇಲ್ಲದಿದ್ದರೆ ಚೀಲವಾದರೂ ಸಾಕು.